ಇಪ್ಪತ್ತೇಳನೇ ವಲಯದ ಹುಸಿಗಂಟು

ಗುರುವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಇಂಚರಾ ಬಿಂಕದಕಟ್ಟಿ ಕುರ್ಚಿಯಿಂದ ಎದ್ದು ನಿಂತು, "ಇಪ್ಪತ್ತೇಳರಾಗ ಒಂದು ಗಂಟು ಐತಿ" ಎಂದಳು. ಗಟ್ಟಿಯಾಗಿ ಹೇಳಲಿಲ್ಲ. ಆದರೂ ಕಂಟ್ರೋಲ್ ರೂಮಿನಲ್ಲಿದ್ದ ಎಲ್ಲರಿಗೂ ಕೇಳಿಸಿತು. ಎಲ್ಲರೂ ಎದ್ದು ಅವಳ ಪರದೆಯ ಹತ್ತಿರ ಹೋದರು. ನಾಗವೇಣಿ ಅಸುಂಡಿ ಒಬ್ಬಳು ಮಾತ್ರ ಕೂತಲ್ಲೇ ಕೂತು, ಆಗಲೇ ಆರಿಹೋಗಿದ್ದ ಚಹಾವನ್ನು ಕುಡಿದು ಮುಗಿಸಿದಳು.

"ಎಷ್ಟು ತೂಕ?" ನಿರ್ದೇಶಕ ಫಕ್ಕೀರೇಶ ಹೊಂಬಳ ಕೇಳಿದರು.

"ಮೂರು ಕೋಟಿ ಹತ್ತು ಲಕ್ಷ ಸೂರ್ಯ. ನಲವತ್ತು ಲಕ್ಷ ಹೆಚ್ಚೂ ಇರಬಹುದು, ಕಡಿಮಿನೂ ಇರಬಹುದು."

"ಬೆಳಕು?"

"ಒಂದ ಕಿಡಿನೂ ಇಲ್ಲರಿ."

ಹಿರಿಯ ಆಪರೇಟರ್ ದಾವಲಸಾಬ ನದಾಫ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ: "ಬೆಳಕ ಇಲ್ಲದ್ದನ್ನ ಹುಡುಕಾಕ ಇಷ್ಟು ಕರೆಂಟ್ ಸುಡ್ತೀರಲ್ಲ. ನಮ್ಮ ಮನ್ಯಾಗ ಸ್ವಿಚ್ ಆರಿಸಿದ್ರ ಬೇಕಾದಷ್ಟು ಸಿಗತೈತಿ."

ಎಲ್ಲರೂ ನಕ್ಕರು. ಇಂಚರಾ ನಗುತ್ತಲೇ ತಿರುಗಿ ಕರೆದಳು. "ನಾಗಕ್ಕಾ, ಬರ್ರಿ ಇಲ್ಲೆ. ಇವು ಎಲ್ಲಾ ನಿಮ್ಮ ನಕ್ಷತ್ರ ಅಲ್ಲೇನ್ರಿ."

"ಮೇಲ್ ಮಾಡು, ನೋಡ್ತೀನಿ" ಎಂದಳು ನಾಗವೇಣಿ.

ನೋಡುವ ಅಗತ್ಯ ಅವಳಿಗಿರಲಿಲ್ಲ. ಇಪ್ಪತ್ತೇಳನೇ ವಲಯದಲ್ಲಿ ಗಂಟು ಇರುವುದು ಅವಳಿಗೆ ಐದು ತಿಂಗಳಿನಿಂದ ಗೊತ್ತಿತ್ತು. ಅದನ್ನು ಇಟ್ಟವಳು ಅವಳೇ.

ಗದಗಿನ ಜನ ಆ ಕೇಂದ್ರವನ್ನು ತೂಕದ ಆಫೀಸು ಎಂದು ಕರೆಯುತ್ತಿದ್ದರು. ಅದಕ್ಕೆ ಉದ್ದನೆಯ ಸರಕಾರಿ ಹೆಸರೊಂದಿತ್ತು. ಬಸ್ಸಿನ ಕಂಡಕ್ಟರುಗಳು ಅದನ್ನು ಎಂದೂ ಬಳಸಲಿಲ್ಲ. ಗೇಟಿನ ಮೇಲಿನ ಫಲಕದಲ್ಲಿ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಆಕಾಶಗಂಗೆಯ ಅಂದಿನ ತೂಕ ಮೂಡುತ್ತಿತ್ತು. ಒಂದು ಲಕ್ಷ ಕೋಟಿ ಸೂರ್ಯರಿಗಿಂತ ತುಸು ಹೆಚ್ಚು. ಹೊಸ ಅಳತೆ ಬಂದಂತೆ ಕೊನೆಯ ಅಂಕಿಗಳು ಏರಿಳಿಯುತ್ತಿದ್ದವು. ಇಳಿದ ದಿನ ಎದುರಿನ ಚಹಾದಂಗಡಿಯವನು, "ಯಾಕ್ರಿ, ಜ್ವರ ಬಂದಿತ್ತೇನು ಅದಕ್ಕ" ಎಂದು ವಿಜ್ಞಾನಿಗಳನ್ನು ವಿಚಾರಿಸುತ್ತಿದ್ದ.

ನಕ್ಷತ್ರಗಳನ್ನು ತಕ್ಕಡಿಗೆ ಹಾಕಲಾಗುವುದಿಲ್ಲ. ಆದರೆ ತೂಕವಿರುವ ಪ್ರತಿಯೊಂದು ವಸ್ತುವೂ ಸುತ್ತಲಿನದನ್ನು ಎಳೆಯುತ್ತದೆ. ಎಳೆಸಿಕೊಂಡ ನಕ್ಷತ್ರದ ವೇಗ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದರೆ ಎಳೆದದ್ದು ಎಲ್ಲಿದೆ, ಎಷ್ಟಿದೆ ಎಂದು ಲೆಕ್ಕ ಹಾಕಬಹುದು. ಅದು ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ. ಪತ್ರಿಕೆಗಳು ಡಾರ್ಕ್ ಮ್ಯಾಟರ್ ಎಂದು ಬರೆಯುವ ದ್ರವ್ಯದ ನಕ್ಷೆಯನ್ನು ಗದಗಿನಲ್ಲಿ, ಆಕಾಶವನ್ನು ಎಪ್ಪತ್ತು ವಲಯ ಮಾಡಿಕೊಂಡು, ತಯಾರಿಸುತ್ತಿದ್ದದ್ದು ಹೀಗೆ. ಕಷ್ಟವಿದ್ದದ್ದು ಅಳತೆಯಲ್ಲಿ. ಇಡೀ ಆಕಾಶಗಂಗೆ ಸೇರಿ ಎಳೆದರೂ ನಮ್ಮ ಸೂರ್ಯನ ವೇಗ ಹತ್ತು ವರ್ಷದಲ್ಲಿ ಬದಲಾಗುವುದು ಸೆಕೆಂಡಿಗೆ ಆರು ಸೆಂಟಿಮೀಟರಿನಷ್ಟು. ಅವಸರದಲ್ಲಿರುವ ಇರುವೆಯ ವೇಗ ಅದು. ಎರಡು ಕೋಟಿ ಸೂರ್ಯರ ತೂಕದ ಕಾಣದ ಗಂಟೊಂದು ಸಾವಿರ ಜ್ಯೋತಿರ್ವರ್ಷ ದೂರದ ನಕ್ಷತ್ರವನ್ನು ಎಳೆದರೆ ಹತ್ತು ವರ್ಷಕ್ಕೆ ಸಿಗುವುದು ಒಂದೇ ಸೆಂಟಿಮೀಟರ್. ನಕ್ಷತ್ರದ ಮೈಯಾದರೋ ಒಲೆಯ ಮೇಲಿನ ಹಾಲಿನಂತೆ ಸದಾ ಕುದಿಯುತ್ತಿರುತ್ತದೆ. ಆ ಕುದಿತದ ವೇಗ ಇದರ ನೂರು ಪಟ್ಟು.

ಆ ಕುದಿತವನ್ನು ಒಂದೊಂದು ನಕ್ಷತ್ರಕ್ಕೂ ಬೇರೆಬೇರೆಯಾಗಿ ಕಲಿತು, ಕಳೆದು, ನಂಬಬಹುದಾದ ನಲವತ್ತೊಂದು ಸಾವಿರ ನಕ್ಷತ್ರಗಳ ಪಟ್ಟಿ ಮಾಡಿದವಳು ನಾಗವೇಣಿ. ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ಆಚೆ ನಿಂತ ಮೂರು ದೂರದರ್ಶಕಗಳು ಹದಿನಾರು ವರ್ಷ ಕಳಿಸಿದ ಅಳತೆಗಳಲ್ಲಿ ಹದಿನಾಲ್ಕು ವರ್ಷದವನ್ನು ಅವಳು ತನ್ನ ಕೈಯಿಂದ ಸೋಸಿದ್ದಳು. ಈಗ ಅವಳಿಗೆ ಐವತ್ಮೂರು.

ಇಂಚರಾ ಬಂದು ನಾಲ್ಕು ವರ್ಷವಾಗಿತ್ತು. ಅವಳಿಗೆ ಮೂವತ್ತಾರು. ಬಂದ ಎರಡನೇ ವರ್ಷ ಅವಳೊಂದು ವಿಧಾನ ಬರೆದಳು. ನಾಗವೇಣಿ ಎಂಟು ತಿಂಗಳು ಕೂತು ತೂಗುತ್ತಿದ್ದ ವಲಯವನ್ನು ಅದು ನಲವತ್ತು ನಿಮಿಷದಲ್ಲಿ ತೂಗುತ್ತಿತ್ತು. ತೂಗುವುದಕ್ಕೆ ಬಳಸುತ್ತಿದ್ದದ್ದು ನಾಗವೇಣಿಯ ಪಟ್ಟಿಯನ್ನೇ. ಹೋದ ವರ್ಷ ಹೊರಗಿನಿಂದ ಬಂದ ಅತಿಥಿಯೊಬ್ಬರು ಕಾರಿಡಾರಿನಲ್ಲಿ ನಾಗವೇಣಿಯ ಕೈ ಕುಲುಕಿ, "ನೀವೂ ಇಂಚರಾ ಅವರ ಟೀಮಿನವರೇ?" ಎಂದು ಕೇಳಿದ್ದರು. ಅವಳು ಹೌದು ಎಂದಿದ್ದಳು. ಅಂದಿನಿಂದ ಇಂಚರಾಳ ಸ್ಕೂಟರಿನ ಸದ್ದು ಗೇಟಿನಿಂದಲೇ ಅವಳಿಗೆ ಗುರುತು ಸಿಗತೊಡಗಿತು. ಬೋರ್ಡಿನ ಮೇಲೆ ಇಂಚರಾ ಬರೆದದ್ದನ್ನು ಯಾರೂ ಒರೆಸುವುದಿಲ್ಲ, ತಾನು ಬರೆದದ್ದನ್ನು ಮಧ್ಯಾಹ್ನದೊಳಗೆ ಒರೆಸುತ್ತಾರೆ ಎಂಬುದೂ ಕಾಣತೊಡಗಿತು. ಎರಡನೆಯದು ನಿಜವೇ ಎಂದು ಅವಳು ಹನ್ನೆರಡು ದಿನ ಲೆಕ್ಕವಿಟ್ಟಿದ್ದಳು. ನಿಜವಾಗಿರಲಿಲ್ಲ. ಅದರಿಂದ ಅವಳಿಗೆ ಸಮಾಧಾನವೂ ಆಗಲಿಲ್ಲ.

ಹುಸಿಗಂಟು ತೂಕದ ಆಫೀಸಿನ ಹಳೆಯ ಪದ್ಧತಿ. ತೂಗುವವರನ್ನೂ ತೂಗಿ ನೋಡಬೇಕಲ್ಲ. ಹೊಸ ಅಳತೆಗಳು ಬಂದಾಗ ನಿರ್ದೇಶಕರು ಹನ್ನೆರಡು ವಿಜ್ಞಾನಿಗಳನ್ನೂ ಒಬ್ಬೊಬ್ಬರಾಗಿ ಕೋಣೆಗೆ ಕರೆದು ಮಡಚಿದ ಚೀಟಿಯೊಂದನ್ನು ಕೊಡುತ್ತಿದ್ದರು. ಹನ್ನೊಂದು ಖಾಲಿ. ಒಂದರಲ್ಲಿ ಗುರುತು ಇರಬಹುದು, ಇಲ್ಲದೆಯೂ ಇರಬಹುದು. ಗುರುತು ಬಂದವರು ಯಾವುದಾದರೂ ವಲಯದಲ್ಲಿ ಸುಳ್ಳು ತೂಕವೊಂದನ್ನು ಇಡಬೇಕು. ಎಂದರೆ ಆ ತೂಕ ಅಲ್ಲಿದ್ದಿದ್ದರೆ ಸುತ್ತಲಿನ ನಕ್ಷತ್ರಗಳ ವೇಗ ಎಷ್ಟು ಬದಲಾಗುತ್ತಿತ್ತೋ ಅಷ್ಟನ್ನು ಲೆಕ್ಕ ಹಾಕಿ ಅಳತೆಗಳಿಗೆ ಸೇರಿಸಬೇಕು. ಸ್ಥಳ, ತೂಕ, ಕಾರಣ ಎಂಬ ಮೂರು ಕಾಲಮ್ಮಿನ ಫಾರ್ಮು ತುಂಬಿ, ಮೂಲ ಅಳತೆಗಳ ಡಿಸ್ಕಿನ ಜೊತೆ ಲಕೋಟೆಗೆ ಹಾಕಿ ಸೀಲು ಮಾಡಬೇಕು. ಮನೆಯಲ್ಲಿಯೂ ಹೇಳುವಂತಿಲ್ಲ. ಚೀಟಿ ನೋಡಿದವರ ಮುಖ ಹೊರಗಿನವರಿಗೆ ಏನೂ ಹೇಳಬಾರದೆಂದು ನಿರ್ದೇಶಕರು ಪ್ರತಿಯೊಬ್ಬರಿಗೂ ಒಂದು ಧಾರವಾಡ ಫೇಡೆ ಕೊಡುತ್ತಿದ್ದರು. ಬಾಯಿಗೆ ಹಾಕಿಕೊಂಡೇ ಹೊರಗೆ ಬರಬೇಕು. ಬಾಯಿ ತುಂಬಿದ ಮುಖಗಳು ಎಲ್ಲವೂ ಒಂದೇ.

ಯಾರಾದರೂ ಗಂಟು ಕಂಡೆ ಎಂದರೆ ನಾಲ್ಕು ದಿನ ಬಿಟ್ಟು ಲಕೋಟೆ ತೆರೆಯಬೇಕು. ಕಂಡದ್ದು ಹುಸಿಯಾಗಿದ್ದರೆ ವಿಧಾನ ಪಾಸಾದಂತೆ, ತೂಕ ಸರಿಯಾಗಿ ಹೇಳಿದ್ದರೆ ಮಾತ್ರ. ಶೋಧವಂತೂ ಉಳಿಯುವುದಿಲ್ಲ. ಹುಸಿ ಕಂಡವರ ಕಣ್ಣು ಅಲ್ಲಿ ಮತ್ತೆ ಏನನ್ನಾದರೂ ಕಾಣುವ ಸಂಭವವಿರುವುದರಿಂದ ಆ ವಲಯವನ್ನು ಅವರು ಎರಡು ವರ್ಷ ಮುಟ್ಟುವಂತಿಲ್ಲ. ಅದು ಆ ವಲಯದ ಹಿರಿಯ ವಿಜ್ಞಾನಿಗೆ ಹೋಗುತ್ತದೆ. ಇಪ್ಪತ್ತೇಳನೇ ವಲಯದ ಹಿರಿಯಳು ನಾಗವೇಣಿ.

ಐದು ತಿಂಗಳ ಹಿಂದೆ ಫೇಡೆ ಬಾಯಲ್ಲಿಟ್ಟುಕೊಂಡು ಹೊರಬಂದ ದಿನವೇ ಅವಳು ವಲಯ ಆರಿಸಿದ್ದಳು. ಅಭಿಜಿತ್ ನಕ್ಷತ್ರದ ದಿಕ್ಕಿನಲ್ಲಿ, ಅದಕ್ಕಿಂತ ಬಹಳ ಆಚೆ, ನಾಲ್ಕು ಸಾವಿರ ಜ್ಯೋತಿರ್ವರ್ಷ ದೂರ. ತೂಕ ಎರಡು ಕೋಟಿ ಸೂರ್ಯ. ಕಾರಣದ ಕಾಲಮ್ಮಿನಲ್ಲಿ 'ಪರೀಕ್ಷೆಗೆ ತಕ್ಕ ವಲಯ' ಎಂದು ಬರೆದಳು.

ಆ ವಲಯಕ್ಕೆ ಒಂದು ಹಿಂದಿನ ಕತೆಯಿತ್ತು. ಒಂಬತ್ತು ವರ್ಷದ ಕೆಳಗೆ ನಾಗವೇಣಿ ಅಲ್ಲಿಯ ನಕ್ಷತ್ರಗಳು ಒಂದೇ ಕಡೆ ಚೂರು ವಾಲುತ್ತಿವೆ ಎಂದು ನಾಲ್ಕು ಪುಟದ ಟಿಪ್ಪಣಿ ಬರೆದಿದ್ದಳು. ಅಳತೆ ಸಾಲದು ಎಂದು ಸಮಿತಿ ಅದನ್ನು ತಿರಸ್ಕರಿಸಿತು. ಅಲ್ಲಿ ಏನೂ ಇಲ್ಲ ಎಂದು ಕೊನೆಗೆ ಅವಳೂ ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೂ, ಇಂಚರಾಳ ವಿಧಾನ ಒಂದೊಂದೇ ವಲಯ ತೂಗುತ್ತ ಇಪ್ಪತ್ತೇಳರ ಕಡೆ ಬರುತ್ತಿದ್ದಾಗ ಅವಳಿಗೆ ಊಟ ಸೇರುತ್ತಿರಲಿಲ್ಲ. ಚೀಟಿಯಲ್ಲಿ ಗುರುತು ಕಂಡಾಗ ಅವಳಿಗೆ ಮೊದಲು ಹೊಳೆದದ್ದು, ತನ್ನ ಹಳೆಯ ಜಾಗದ ಮೇಲೆ ಒಂದು ಸುಳ್ಳನ್ನು ಇಟ್ಟುಬಿಟ್ಟರೆ ಇನ್ನು ಯಾರೂ ಅಲ್ಲಿ ಏನನ್ನೂ ತಮ್ಮದೆನ್ನಲಾರರು ಎಂಬುದು.

ಈಗ ಇಂಚರಾ ಅಲ್ಲಿಗೇ ಬಂದಿದ್ದಳು. ಬಂದದ್ದಲ್ಲದೆ ಎರಡನ್ನು ಮೂರು ಎಂದು ತೂಗಿದ್ದಳು. ಸೋಮವಾರ ಶೋಧ ಹೋಗುತ್ತದೆ. ಜೊತೆಗೆ ನಲವತ್ತು ನಿಮಿಷದ ವಿಧಾನದ ಮರ್ಯಾದೆಯೂ ಹೋಗುತ್ತದೆ. ನಾಗವೇಣಿ ಗುರುವಾರ ಮನೆಗೆ ಹೋಗುತ್ತ ಅರ್ಧ ಕಿಲೊ ದ್ರಾಕ್ಷಿ ಕೊಂಡಳು.

ಕ್ವಾರ್ಟರ್ಸಿನಲ್ಲಿ ಅವರಿಬ್ಬರದೂ ಒಂದೇ ಗೋಡೆ. ಶನಿವಾರ ಮಧ್ಯಾಹ್ನ ಇಂಚರಾ ಸ್ಟೀಲಿನ ಡಬ್ಬಿಯೊಂದನ್ನು ಹಿಡಿದು ಬಂದಳು. ಹೋದ ವಾರ ನಾಗವೇಣಿಯ ಮನೆಯಿಂದ ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ, ತುಂಬಿ ಕೊಟ್ಟ ಡಬ್ಬಿ. ಈಗ ಅದರಲ್ಲಿ ಕರದಂಟಿತ್ತು.

"ಖಾಲಿ ಡಬ್ಬಿ ಕೊಡಬಾರದು ಅಂತ ಅವ್ವ ಫೋನಿನಾಗ ಬೈದಳ್ರಿ" ಎಂದಳು.

"ನಿಮ್ಮವ್ವ ಶ್ಯಾಣ್ಯಾಕಿ" ಎಂದ ಗುರುಶಾಂತ, ನಾಗವೇಣಿಯ ಗಂಡ. ಅವನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಅವನ ಕೆಲಸ. ಗಂಡ ಹೆಂಡತಿ ಇಬ್ಬರೂ ತೂಕದ ಆಫೀಸಿನವರೇ ಎಂದು ಓಣಿಯಲ್ಲಿ ಹಳೆಯ ಜೋಕೊಂದಿತ್ತು. "ಕೂಡು. ಏನ ಭಾರೀ ಗಂಟು ಹಿಡದಿಯಂತಲ್ಲ. ಇಕಿ ಒಂದ ಮಾತೂ ಹೇಳ್ಲಿಲ್ಲ ನೋಡು. ದಾವಲಸಾಬ ಹೇಳಿದ."

"ಸೋಮವಾರ ತನಕ ಹೇಳುವಂಗಿಲ್ಲರಿ ಕಾಕಾ. ಹುಸಿ ಇದ್ರೂ ಇರಬಹುದು."

"ಹುಸಿ ಇದ್ರ ಅಳ್ತಿಯೇನು?"

"ಎರಡು ದಿನ ಅಳ್ತೀನಿ." ಇಂಚರಾ ನಕ್ಕಳು. ಆಮೇಲೆ ನಾಗವೇಣಿಯ ಕಡೆ ತಿರುಗಿದಳು. "ನಾಗಕ್ಕಾ, ನಾ ಕಳಿಸಿದ ಕರಡು ಓದಿದ್ರೇನು?"

"ಇನ್ನೂ ಇಲ್ಲ. ತಲಿನೋವು."

"ಮೊದಲನೇ ಸಾಲರೆ ಓದ್ರಿ" ಎಂದಳು ಇಂಚರಾ.

ಗುರುಶಾಂತ ಕರದಂಟನ್ನು ತಟ್ಟೆಗೆ ಸುರಿದು, ಅದೇ ಡಬ್ಬಿಗೆ ಶೇಂಗಾ ಹಿಂಡಿ ತುಂಬಿ ಅವಳ ಕೈಗೆ ಕೊಟ್ಟ. ಅವಳು ಹೋದ ಮೇಲೆ ಕರದಂಟು ಮುರಿಯುತ್ತ, "ಎಷ್ಟು ಓದಿದ್ರೂ ಹುಡುಗಿಗೆ ಸೊಕ್ಕಿಲ್ಲ ನೋಡು" ಎಂದ.

"ಸೊಕ್ಕು ಬ್ಯಾರೆದವರಿಗೆ ಬಿಟ್ಟಾಳ" ಎಂದಳು ನಾಗವೇಣಿ.

ಅವನು ತಲೆಯೆತ್ತಿ ನೋಡಿದ. ಅವಳು ಒಳಗೆ ಹೋದಳು. ಗೋಡೆಯಾಚೆ ಇಂಚರಾ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತ ನಗುವುದು ಕೇಳುತ್ತಿತ್ತು. ಎಷ್ಟು ಹೊತ್ತು ನಗುತ್ತಾಳೆ ಎಂದು ನಾಗವೇಣಿ ಗಡಿಯಾರ ನೋಡಿದಳು.

ಭಾನುವಾರ ಊಟಕ್ಕೆ ಕೂತಾಗ ಗುರುಶಾಂತ ತನ್ನ ಒಂದು ತಪ್ಪಿನ ಕತೆ ಹೇಳಿದ. ಶುಕ್ರವಾರ ಒಂದು ಕಿರಾಣಿ ಅಂಗಡಿಯ ಹಳೆಯ ಮುಳ್ಳಿನ ತಕ್ಕಡಿ ನೋಡಲು ಹೋಗಿದ್ದನಂತೆ.

"ಐದು ಕಿಲೊ ಕಲ್ಲು ಇಟ್ಟೆ. ಐದು ಕಿಲೊ ಎಂಟನೂರು ತೋರಿಸ್ತು. ನನ್ನ ಕಾರಕೂನ, ಸಾಹೇಬ್ರ, ತಕ್ಕಡಿ ಕೆಟ್ಟೈತಿ, ಸೀಲ್ ಮಾಡೂಣು ಅಂದ. ನಾನೂ ಹೌದಂದೆ. ಕಾಗದನೂ ಬರದೆ. ಕಡೀಕ ಕಲ್ಲು ತಗದೆ ನೋಡು, ಮುಳ್ಳು ಸೊನ್ನಿಗೆ ಬರಲೇ ಇಲ್ಲ, ಎಂಟನೂರರ ಮ್ಯಾಲ ಕುಂತೈತಿ. ತಟ್ಟಿ ಎತ್ತಿದ್ರ ಕೆಳಗ ಹುಣಸಿಹಣ್ಣಿನ ಮುದ್ದಿ."

"ಅಂಟಿಸಿದ್ನೇನು?"

"ಅಂಟಿಸಿದ್ನೋ, ಅಂಟಿತ್ತೋ, ದೇವರಿಗೆ ಗೊತ್ತು. ನಂದು ಬ್ಯಾಸರಾಗಿದ್ದು ಅದಲ್ಲ. ಮೂವತ್ತು ವರ್ಷ ಆತು, ಕಲ್ಲು ಇಡೂಕಿಂತ ಮೊದಲ ಖಾಲಿ ತಟ್ಟಿ ನೋಡಬೇಕು ಅನ್ನೂದು ಮೊದಲನೇ ಪಾಠ. ಅದನ್ನ ಬಿಟ್ಟೆ." ಅವನು ರೊಟ್ಟಿ ಮುರಿದ. "ತಕ್ಕಡಿ ಪಾಪ ಖರೇನ ಹೇಳಾಕತ್ತಿತ್ತು. ನಾವ ಅದನ್ನ ಸುಳ್ಳ ಮಾಡಾಕ ಹೊಂಟಿದ್ವಿ."

ನಾಗವೇಣಿಯ ಕೈ ತಾಟಿನಲ್ಲೇ ನಿಂತಿತು. ಎರಡು ಕೋಟಿ ಇಡುವ ಮೊದಲು ಅವಳು ಹೊಸ ಅಳತೆಗಳಲ್ಲಿ ಇಪ್ಪತ್ತೇಳನೇ ವಲಯವನ್ನು ತೂಗಿ ನೋಡಿರಲಿಲ್ಲ. ಅಲ್ಲಿ ಏನೂ ಇಲ್ಲವೆಂದು ಸಮಿತಿ ಹೇಳಿತ್ತಲ್ಲ. ಮೂರು ಕೋಟಿ ಹತ್ತು ಲಕ್ಷದಲ್ಲಿ ಎರಡು ಕೋಟಿ ಕಳೆದರೆ ಉಳಿಯುವ ಒಂದು ಕೋಟಿ ಹತ್ತು ಲಕ್ಷ ಇಂಚರಾಳ ತಪ್ಪು ಎಂದು ಅವಳು ಮೂರು ದಿನದಿಂದ ಸಂತೋಷಪಟ್ಟಿದ್ದಳು.

"ಎಲ್ಲಿಗಿ? ರೊಟ್ಟಿ?" ಎಂದ ಗುರುಶಾಂತ.

"ಆಫೀಸಿಗೆ."

"ಐತವಾರ?"

ಅವಳು ಚಪ್ಪಲಿ ಮೆಟ್ಟಿ ಆಗಲೇ ಮೆಟ್ಟಿಲಿಳಿದಿದ್ದಳು.

ಭಾನುವಾರದ ಡ್ಯೂಟಿ ದಾವಲಸಾಬನದು. ಅವನು ರೇಡಿಯೋ ಸಣ್ಣ ಮಾಡಿ, "ನಕ್ಷತ್ರಕ್ಕಂತೂ ರಜಾ ಇಲ್ಲ, ನಿಮಗೂ ಇಲ್ಲೇನ್ರಿ" ಎಂದು ಮತ್ತೆ ದೊಡ್ಡದು ಮಾಡಿಕೊಂಡ. ನಾಗವೇಣಿ ತನ್ನ ಮೂಲೆಯ ಯಂತ್ರದ ಮುಂದೆ ಕೂತಳು. ತಾನು ಬೆರೆಸಿದ್ದು ಎಷ್ಟೆಂದು ಗೊತ್ತಿದ್ದವಳಿಗೆ ಅದನ್ನು ಕಳೆಯುವುದು ಅರ್ಧ ಗಂಟೆಯ ಕೆಲಸ. ವಲಯದಲ್ಲಿ ಮುನ್ನೂರ ಹನ್ನೆರಡು ನಕ್ಷತ್ರಗಳು. ಒಂದೊಂದರಿಂದಲೂ ತನ್ನ ಸುಳ್ಳನ್ನು ಹಿಂತೆಗೆದುಕೊಂಡಳು. ಆಮೇಲೆ ತೂಗಬೇಕಿತ್ತು. ಎಂಟು ತಿಂಗಳು ಅವಳ ಬಳಿ ಇರಲಿಲ್ಲ. ಇಂಚರಾಳ ವಿಧಾನವನ್ನು ತೆರೆದು ಓಡಿಸಿದಳು.

ಮೂವತ್ತೆಂಟು ನಿಮಿಷ ಹಿಡಿಯಿತು. ಒಂದು ಕೋಟಿ ಹನ್ನೆರಡು ಲಕ್ಷ ಸೂರ್ಯ. ಅವಳು ಹುಸಿಗಂಟು ಇಟ್ಟ ಜಾಗದಿಂದ ತೊಂಬತ್ತು ಜ್ಯೋತಿರ್ವರ್ಷ ಪಕ್ಕಕ್ಕೆ. ಒಂಬತ್ತು ವರ್ಷದ ಹಿಂದೆ ನಾಲ್ಕು ಪುಟದಲ್ಲಿ ಅವಳು ಬೆರಳಿಟ್ಟು ತೋರಿಸಿದ ಜಾಗ.

ಮನುಷ್ಯರು ಇದುವರೆಗೆ ಕಾಣದ ವಸ್ತುವೊಂದು ಅಲ್ಲಿತ್ತು. ಬೆಳಕಿಲ್ಲದೆ, ಒಂದು ಕೋಟಿ ಸೂರ್ಯರಷ್ಟು ಭಾರವಾಗಿ. ಅದನ್ನು ಹೊರಗೆ ತರಲು ಅವಳು ಏನನ್ನೂ ಮಾಡಬೇಕಾಗಿರಲಿಲ್ಲ. ನಾಳೆ ಹನ್ನೊಂದಕ್ಕೆ ಲಕೋಟೆ ತೆರೆಯುತ್ತದೆ. ಹೆಚ್ಚು ತೂಗಿತೆಂದು ಇಂಚರಾಳ ವಿಧಾನ ಬೀಳುತ್ತದೆ. ನಿಯಮದಂತೆ ವಲಯ ಅವಳ ಮೇಜಿಗೆ ಬರುತ್ತದೆ. ಆರು ತಿಂಗಳು ಬಿಟ್ಟು ತನ್ನ ಹಳೆಯ ವಿಧಾನದಿಂದ ತೂಗಿದೆ ಎಂದು ಪ್ರಕಟಿಸಬಹುದು. ಒಂದೇ ಒಂದು ಸುಳ್ಳು ಹೇಳಬೇಕಿಲ್ಲ. ಈ ಭಾನುವಾರದ ಬಗ್ಗೆ ಸುಮ್ಮನಿದ್ದರೆ ಸಾಕು.

ಬಾಯಿ ಬಿಟ್ಟರೆ ಇಬ್ಬರಿಗೂ ನಷ್ಟ. ಲಕೋಟೆ ತೆರೆಯುವ ಮೊದಲೇ ಯಾರಾದರೂ ಉತ್ತರ ನೋಡಿಬಿಟ್ಟ ಅಳತೆಗಳನ್ನು ಕೇಂದ್ರ ಪುರಾವೆಯೆಂದು ಒಪ್ಪುತ್ತಿರಲಿಲ್ಲ. ಹೊಸ ಅಳತೆ ಬೇಕು. ದೂರದರ್ಶಕಗಳಿಂದ ಈ ವಲಯದ ಮುಂದಿನ ಕಂತು ಬರುವುದು ಎಂಟು ವರ್ಷಕ್ಕೆ.

ಮೇಲ್ ಪೆಟ್ಟಿಗೆಯಲ್ಲಿ ಇಂಚರಾಳ ಕರಡು ಮೂರು ದಿನದಿಂದ ಹಾಗೇ ಬಿದ್ದಿತ್ತು. ಅವಳು ತೆರೆದಳು. ಮೊದಲನೇ ಸಾಲು ಹೀಗಿತ್ತು: 'ಈ ವಲಯದಲ್ಲಿ ಕಾಣದ ತೂಕವಿರಬಹುದೆಂದು ಒಂಬತ್ತು ವರ್ಷಗಳ ಹಿಂದೆ ಮೊದಲು ಸೂಚಿಸಿದವರು ನಾಗವೇಣಿ ಅಸುಂಡಿ, ಅವರ ಪಟ್ಟಿಯಿಲ್ಲದೆ ಈ ಲೇಖನವಿಲ್ಲ.'

ಆ ಟಿಪ್ಪಣಿ ತಿರಸ್ಕೃತ ಕಾಗದಗಳ ಕಪಾಟಿನಲ್ಲಿತ್ತು. ಇಂಚರಾ ಅದನ್ನು ಹುಡುಕಿ ಓದಿದ್ದಳು. ನಾಗವೇಣಿಯ ಎದೆಯಲ್ಲಿ ಇದ್ದ ಉರಿ ಇನ್ನಷ್ಟು ಹೆಚ್ಚಿತು. ದೊಡ್ಡ ಮನಸ್ಸು ಕೂಡ ಇಂಚರಾಳ ಪಾಲಿಗೇ ಹೋಗಿತ್ತು.

ಸೋಮವಾರ ಹನ್ನೊಂದಕ್ಕೆ ಸಭಾಕೋಣೆಯಲ್ಲಿ ಹನ್ನೆರಡು ಜನರೂ ಸೇರಿದರು. ಮೇಜಿನ ನಡುವೆ ಫೇಡೆಯ ಪೆಟ್ಟಿಗೆ, ಅದರ ಪಕ್ಕ ಲಕೋಟೆ. ಹೊಂಬಳರು ಸೀಲನ್ನು ಎಲ್ಲರಿಗೂ ತೋರಿಸಿ, ಒಡೆದು, ಫಾರ್ಮನ್ನು ಓದಿದರು.

"ಹುಸಿಗಂಟು ಐತಿ. ವಲಯ ಇಪ್ಪತ್ತೇಳು. ತೂಕ ಎರಡು ಕೋಟಿ. ಇಟ್ಟವರು ನಾಗವೇಣಿ ಅಸುಂಡಿ."

ಇಂಚರಾ ತನ್ನ ಮುಂದಿದ್ದ ಕಾಗದವನ್ನು ಬೋರಲು ಹಾಕಿದಳು. ನಾಗವೇಣಿಯನ್ನು ನೋಡಿ ಸ್ವಲ್ಪ ನಕ್ಕಳು ಕೂಡ. "ಐದು ತಿಂಗಳು ಮುಖದ ಮ್ಯಾಲ ಒಂದಿಷ್ಟೂ ತೋರಿಸಲಿಲ್ಲ ನೋಡ್ರಿ ನಾಗಕ್ಕಾ" ಎಂದಳು.

"ಎರಡು ಇಟ್ಟದ್ದು ಮೂರು ಹತ್ತು ಬಂದೈತಿ" ಎಂದರು ಹೊಂಬಳರು. "ಅರ್ಧದಷ್ಟು ಜಾಸ್ತಿ. ಹಿಂಗಾದ್ರ ಇಲ್ಲೀ ತನಕ ಈ ವಿಧಾನದಿಂದ ತೂಗಿದ ಹದಿನೇಳು ವಲಯನೂ ತಿರಗಿ ತೂಗಬೇಕಾಗತೈತಿ. ಇಂಚರಾ, ಏನಂತಿ? ತಪ್ಪು ವಿಧಾನದ್ದೋ, ಪಟ್ಟಿದೋ?"

ಇಂಚರಾ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಆಮೇಲೆ ಹೇಳಿದಳು: "ಪಟ್ಟಿದಲ್ಲರಿ. ಆ ಪಟ್ಟಿ ನಾ ನಾಲ್ಕು ವರ್ಷ ಬಳಸೀನಿ. ಅದರಾಗ ತಪ್ಪು ಸಿಗೂದಿಲ್ಲ. ನಂದ ಎಲ್ಲೋ ತಪ್ಪೈತಿ. ಕರಡು ಹಿಂದ ತಗೋತೀನಿ."

ಈ ಮಾತನ್ನು ನಾಗವೇಣಿ ಮನಸ್ಸಿನಲ್ಲಿ ಎಷ್ಟೋ ಸಲ ಕೇಳಿಸಿಕೊಂಡಿದ್ದಳು. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಇಂಚರಾ ಬೋರ್ಡಿನ ಮುಂದೆ ನಿಂತಾಗಲೆಲ್ಲ. ಈಗ ಅದು ನಿಜವಾಗಿ ಕಿವಿಗೆ ಬಿತ್ತು. ಇಂಚರಾ ಅಷ್ಟು ಜನರ ಎದುರಿಗೆ ತನ್ನ ಸರಿಯಾದ ಕೆಲಸವನ್ನು ತಪ್ಪು ಎಂದಿದ್ದಳು, ನಾಗವೇಣಿಯ ಕೆಲಸವನ್ನು ಅಷ್ಟು ನಂಬಿದ್ದರಿಂದ. ಹದಿನೇಳು ವಲಯಗಳ ಸರಿಯಾದ ತೂಕಗಳನ್ನು ಈಗ ತಿದ್ದಿ ತಪ್ಪು ಮಾಡಲಾಗುತ್ತದೆ. ಹದಿನಾಲ್ಕು ವರ್ಷ ಅಂಕಿಗಳನ್ನು ಸೋಸಿದವಳಿಗೆ ಮೊದಲು ಚುಚ್ಚಿದ್ದು ಇಂಚರಾಳ ಮುಖವಲ್ಲ, ಆ ಹದಿನೇಳು ಅಂಕಿಗಳು.

"ಆಕೀದೂ ತಪ್ಪಿಲ್ಲ" ಎಂದಳು ನಾಗವೇಣಿ.

ಎಲ್ಲರೂ ತಿರುಗಿದರು.

"ವಿಧಾನನೂ ಸರಿ ಐತಿ, ಪಟ್ಟಿನೂ ಸರಿ ಐತಿ. ಉಳಿದ ಒಂದು ಕೋಟಿ ಹನ್ನೆರಡು ಲಕ್ಷ ಆಕಾಶದಾಗ ಐತಿ. ನಿನ್ನೆ ನನ್ನ ಗಂಟು ಕಳದು ತೂಗಿ ನೋಡೀನಿ."

ಹೊಂಬಳರು 'ನಿನ್ನೆ' ಎಂಬ ಮಾತನ್ನು ಹಿಡಿದರು. "ಲಕೋಟಿ ತೆರಿಯೂಕಿಂತ ಮೊದಲ?"

"ಹೌದ್ರಿ."

"ನಾಗವೇಣಿ, ನೀವು ಹೇಳದ ಇದ್ದಿದ್ರ ಅದು..."

"ನನ್ನ ಮೇಜಿಗೆ ಬರತಿತ್ತು. ಗೊತ್ತೈತ್ರಿ."

ಇಂಚರಾ ಬೋರಲು ಹಾಕಿದ ಕಾಗದವನ್ನು ಮೆಲ್ಲಗೆ ತಿರುಗಿಸಿದಳು. ಅವಳು ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದಳು. "ಈಗ ಈ ಅಳತಿ ನಡಿಯೂದಿಲ್ಲ" ಎಂದಳು. "ನೀವೂ ನೋಡೀರಿ, ನಾನೂ ನೋಡೀನಿ. ಹೊಸ ಕಂತು ಬರಬೇಕು. ಎಂಟು ವರ್ಷ."

"ಎಂಟು ವರ್ಷ" ಎಂದರು ಹೊಂಬಳರು.

"ಆಕಾಶದಾಗ ಎಲ್ಲಿ ಬೇಕಾದಲ್ಲಿ ಇಡಬಹುದಿತ್ತು. ಎಪ್ಪತ್ತು ವಲಯ ಅದಾವ." ಇಂಚರಾ ಈಗ ನೇರವಾಗಿ ನಾಗವೇಣಿಯನ್ನೇ ನೋಡುತ್ತಿದ್ದಳು. "ನಿಮ್ಮ ಟಿಪ್ಪಣಿ ಇದ್ದ ಜಾಗದಾಗ ಯಾಕ ಇಟ್ಟಿರಿ?"

ನಾಗವೇಣಿ ಕೈ ಚಾಚಿ ನಿರ್ದೇಶಕರ ಮುಂದಿದ್ದ ಫಾರ್ಮನ್ನು ತನ್ನ ಕಡೆ ಎಳೆದುಕೊಂಡಳು. ಕಾರಣದ ಕಾಲಮ್ಮಿನಲ್ಲಿ ಐದು ತಿಂಗಳ ಹಿಂದಿನ ತನ್ನದೇ ಅಕ್ಷರ: 'ಪರೀಕ್ಷೆಗೆ ತಕ್ಕ ವಲಯ.' ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಹೊಟ್ಟೆಕಿಚ್ಚು' ಎಂದು ಬರೆದಳು. ತಿದ್ದುಪಡಿಗೆ ಮಾಡಬೇಕಾದಂತೆ ಸಹಿ, ದಿನಾಂಕ, ಸಮಯ ಹಾಕಿದಳು. ಹನ್ನೊಂದೂ ಇಪ್ಪತ್ತೆರಡು.

ಹೊಂಬಳರು ಓದಿ ಕನ್ನಡಕ ತೆಗೆದರು. "ಇದು ಕಾಯಂ ದಾಖಲೆ. ಹಿಂಗ ಬರದ್ರ ಹೆಂಗ?"

"ಕಾರಣ ಅಂತ ಕಾಲಂ ಐತ್ರಿ. ಕಾರಣ ಬರದೀನಿ."

ಫಾರ್ಮು ಮೇಜಿನ ಸುತ್ತ ಕೈಯಿಂದ ಕೈಗೆ ಹೋಯಿತು. ಇಂಚರಾ ಓದಿದಳು. ಎರಡನೇ ಸಲ ಓದಿದಳು. ಅವಳ ಮುಖದಲ್ಲಿ ಕಂಡದ್ದು ಸಿಟ್ಟಲ್ಲ. ಪರದೆಯ ಮೇಲೆ ವಿವರಿಸಲಾಗದ ಅಂಕಿಯೊಂದು ಬಂದಾಗ ಅವಳು ನೋಡುತ್ತಿದ್ದ ರೀತಿ. ನಾಲ್ಕು ವರ್ಷದ ಎಲ್ಲವನ್ನೂ ಅವಳು ಹೊಸದಾಗಿ ತೂಗುತ್ತಿದ್ದಳು.

"ಇದರ ಕಾಪಿ ನನಗೊಂದು ಬೇಕ್ರಿ, ನಾಗವೇಣಿ ಮೇಡಂ" ಎಂದಳು.

ಸಭೆ ಮುಗಿದ ಮೇಲೆ ಫೇಡೆಯನ್ನು ಯಾರೂ ಮುಟ್ಟಲಿಲ್ಲ. ದಾವಲಸಾಬ ಪೆಟ್ಟಿಗೆ ಮುಚ್ಚಿ ಒಯ್ದ. ಸಂಜೆಗೆ ಗೋಡೆಯ ಮೇಲಿನ ನಕ್ಷೆಯಲ್ಲಿ ಇಪ್ಪತ್ತೇಳನೇ ವಲಯಕ್ಕೆ ಬೂದು ಬಣ್ಣ ಬಂದಿತ್ತು. ಬೂದು ಎಂದರೆ ಹೊಸ ಅಳತೆ ಬರುವವರೆಗೆ ತೀರ್ಮಾನವಿಲ್ಲ. ಹದಿನೇಳು ವಲಯಗಳ ತೂಕ ಇದ್ದ ಹಾಗೇ ಉಳಿಯಿತು. ಇನ್ನು ಮುಂದೆ ಚೀಟಿಯ ಸರದಿಯಲ್ಲಿ ನಾಗವೇಣಿಯ ಹೆಸರು ಇರುವುದಿಲ್ಲ ಎಂದು ಹೊಂಬಳರು ಒಂದು ಸಾಲಿನ ಆದೇಶ ಹೊರಡಿಸಿದರು. ಹೊಸ ಕಂತು ಬರುವ ಹೊತ್ತಿಗೆ ಇಂಚರಾಳಿಗೆ ನಲವತ್ತನಾಲ್ಕು. ನಾಗವೇಣಿಗೆ ಅರವತ್ತೊಂದು, ನಿವೃತ್ತಿಯಾಗಿ ಒಂದು ವರ್ಷ. ಈ ಲೆಕ್ಕವನ್ನು ಅವಳು ಫಾರ್ಮಿಗೆ ಸಹಿ ಹಾಕುವಾಗಲೇ ಮಾಡಿದ್ದಳು.

ಮನೆಯಲ್ಲಿ ಗುರುಶಾಂತನಿಗೆ ಎಲ್ಲವನ್ನೂ ಹೇಳಿದಳು. ಅವನು ಕೊನೆತನಕ ಕೇಳಿ, "ಖಾಲಿ ತಟ್ಟಿ ನೋಡಲಿಲ್ಲ" ಎಂದ.

"ನೋಡಲಿಲ್ಲ."

"ಆಕಿ ಮ್ಯಾಲ ಹೊಟ್ಟಿಕಿಚ್ಚು ಈಗ ಹೋತೇನು?"

ನಾಗವೇಣಿ ಯೋಚಿಸಿದಳು. ಅಳತೆಗೆ ಸಿಗದ ಉತ್ತರ ಕೊಡುವುದು ಅವಳಿಗೆ ಅಭ್ಯಾಸವಿರಲಿಲ್ಲ. "ಇಲ್ಲ" ಎಂದಳು.

ಮಂಗಳವಾರ ಬೆಳಿಗ್ಗೆ ಹಾಲು ತರಲು ಬಾಗಿಲು ತೆರೆದಾಗ ಎರಡು ಮನೆಗಳ ನಡುವಿನ ಕಟ್ಟೆಯ ಮೇಲೆ ಸ್ಟೀಲಿನ ಡಬ್ಬಿ ಇತ್ತು. ಗುರುಶಾಂತ ಶನಿವಾರ ಶೇಂಗಾ ಹಿಂಡಿ ತುಂಬಿ ಕೊಟ್ಟ ಡಬ್ಬಿ. ನಾಗವೇಣಿ ಎತ್ತಿದಳು. ತೆರೆಯುವ ಮೊದಲೇ ಕೈಗೆ ತೂಕ ಗೊತ್ತಾಯಿತು. ಆದರೂ ಮುಚ್ಚಳ ತೆಗೆದು ನೋಡಿದಳು. ಚೆನ್ನಾಗಿ ತೊಳೆದಿತ್ತು, ಒರೆಸಿತ್ತು. ಒಳಗೆ ಒಂದು ಕಾಳು ಸಕ್ಕರೆಯೂ ಇರಲಿಲ್ಲ.